ಚಾಂಗ್ಪಾ ಕುರಿಗಾಹಿಗಳ ದಿನಚರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಡಾಖ್‌ನಿಂದ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಪಾಂಗಾಂಗ್ ಸರೋವರದ ಫೋಟೋ ಎಲ್ಲಿ ಅಂತ. ನನ್ನ ಫೋನಿನಲ್ಲಿ ಇದ್ದದ್ದು ಬರೀ ಮೇಕೆಗಳು. ಮೇಕೆ, ಮೇಕೆ ಕಾಯುವವರು, ಅವರ ಡೇರೆ, ಅವರ ಒಲೆ. ಅದನ್ನು ನೋಡಿದವರು ಶುರು ಮಾಡಿದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು? ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಚಾಂಗ್ಪಾ ಅಂದ್ರೆ ಯಾರು?

ಅಲ್ಲಿನ ಮಾತಿನಲ್ಲಿ ‘ಚಾಂಗ್’ ಅಂದರೆ ಉತ್ತರ, ‘ಥಾಂಗ್’ ಅಂದರೆ ಬಯಲು. ಚಾಂಗ್‌ಥಾಂಗ್ ಅಂದರೆ ಬಡಗಣ ಬಯಲು. ಆ ಬಯಲಿನ ಜನ ಚಾಂಗ್ಪಾ. ಬಯಲಿನ ದೊಡ್ಡ ಪಾಲು ಟಿಬೆಟ್‌ನಲ್ಲಿದೆ. ಅದರ ಪಡುವಣ ಅಂಚು ಲಡಾಖ್‌ಗೆ ಸೇರಿದೆ. ನಾನು ಹೇಳುತ್ತಿರುವುದು ಈ ಅಂಚಿನವರ ಬಗ್ಗೆ. ಖರ್ನಕ್, ಕೋರ್ಜೋಕ್, ಸಮದ್ ಅನ್ನುವ ಮೂರು ಗುಂಪುಗಳ ಹೆಸರು ಜಾಸ್ತಿ ಕೇಳಿಬರುತ್ತದೆ. ಹಾನ್ಲೆ, ಚುಶುಲ್, ಡೆಮ್ಚೋಕ್ ಕಡೆಯೂ ಇದ್ದಾರೆ. 1989ರಲ್ಲಿ ಇವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಸಾಕುವುದು ಮುಖ್ಯವಾಗಿ ಮೇಕೆ, ಕುರಿ, ಯಾಕ್. ಜೊತೆಗೆ ಕುದುರೆ. ಮೇಕೆಗೆ ‘ರ’, ಕುರಿಗೆ ‘ಲುಕ್’ ಅನ್ನುತ್ತಾರೆ. ಎರಡೂ ಸೇರಿದ ಮಂದೆಗೆ ‘ರಲುಕ್’. ನಾವು ‘ಆಡುಕುರಿ’ ಅನ್ನೋದಿಲ್ವಾ, ಹಾಗೆ.

ಒಂದು ಎಚ್ಚರಿಕೆ. ‘ಯಾಕ್ ಹಾಲು’ ಅಂತ ಅಲ್ಲಿ ಹೇಳಬೇಡಿ, ನಗುತ್ತಾರೆ. ಯಾಕ್ ಅಂದರೆ ಗಂಡು. ಹೆಣ್ಣಿಗೆ ಡೆಮೊ ಅಥವಾ ಡ್ರಿ. ನಮ್ಮೂರಲ್ಲಿ ಎತ್ತಿನ ಹಾಲು ಕೊಡಿ ಅಂದ ಹಾಗಾಗುತ್ತದೆ.

ಎಷ್ಟು ಎತ್ತರದಲ್ಲಿ ಇರ್ತಾರೆ? ಅಷ್ಟು ಚಳೀಲಿ ಹೇಗೆ?

ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕೋರ್ಜೋಕ್ ಊರಿನ ಪಕ್ಕದ ತ್ಸೋ ಮೊರಿರಿ ಸರೋವರವೇ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಮಂದೆ ಅದಕ್ಕಿಂತ ಮೇಲಕ್ಕೂ ಹತ್ತುತ್ತದೆ. ಉಸಿರಿಗೆ ಸಿಗುವ ಆಮ್ಲಜನಕ ಕಡಲ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಇಡೀ ಸರೋವರ ಹೆಪ್ಪುಗಟ್ಟುತ್ತದೆ.

ಆದರೆ ಅವರು ಬೈಯುವುದು ಚಳಿಯನ್ನಲ್ಲ, ಗಾಳಿಯನ್ನು. ಮಧ್ಯಾಹ್ನ ಆಗುತ್ತಿದ್ದಂತೆ ಏಳುವ ಗಾಳಿ ಮುಖದ ಚರ್ಮ ಸುಲಿಯುತ್ತದೆ. ನನಗೆ ಎರಡೇ ದಿನಕ್ಕೆ ತುಟಿ ಒಡೆದು ರಕ್ತ ಬಂತು. ಒಬ್ಬ ಅಜ್ಜಿ ನೋಡಿ, ಏನೂ ಮಾತಾಡದೆ, ಬೆರಳಲ್ಲಿ ಬೆಣ್ಣೆ ತೆಗೆದು ನನ್ನ ತುಟಿಗೆ ಹಚ್ಚಿದರು. ಸ್ವಲ್ಪ ಕಮಟು ವಾಸನೆ ಇತ್ತು. ಅಂಗಡಿಯ ಕ್ರೀಮಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಒಂದು ದಿನ ಹೇಗೆ ಕಳೆಯುತ್ತೆ?

ಇದು ನನಗೆ ಇಷ್ಟವಾದ ಪ್ರಶ್ನೆ. ಬೇಸಿಗೆಯ ಒಂದು ದಿನ ಹೇಳುತ್ತೇನೆ.

ಬೆಳಕು ಹರಿಯುವ ಮೊದಲೇ ಮನೆಯ ಹೆಂಗಸು ಎದ್ದು ಒಲೆ ಹಚ್ಚುತ್ತಾರೆ. ಸೌದೆ ಇಲ್ಲ, ಮರವೇ ಇಲ್ಲ. ಉರಿಯುವುದು ಯಾಕ್ ಸಗಣಿಯ ಒಣಗಿದ ಕುರುಳು, ಮೇಕೆ ಹಿಕ್ಕೆ, ಮತ್ತೆ ‘ಬುರ್ತ್ಸೆ’ ಅನ್ನುವ ಕುರುಚಲು ಗಿಡದ ಬೇರು. ನಮ್ಮ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಹಿಕ್ಕೆಯನ್ನು ಗೊಬ್ಬರಕ್ಕೆ ಬಿಡುತ್ತೇವೆ. ಅಲ್ಲಿ ಹೊಲವೇ ಇಲ್ಲ. ಹಾಗಾಗಿ ಹಿಕ್ಕೆ ಎಲ್ಲ ಒಲೆಗೆ.

ಚಹಾ ಆದ ಮೇಲೆ ಹಾಲು ಕರೆಯುವ ಹೊತ್ತು. ಇದನ್ನು ನೋಡಲೇಬೇಕು. ಒಂದೊಂದೇ ಮೇಕೆಯನ್ನು ಹಿಡಿದು ಕರೆಯುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ. ಅದಕ್ಕೆ ಒಂದು ಉದ್ದನೆಯ ಹಗ್ಗ. ಮೇಕೆಗಳನ್ನು ಎರಡು ಸಾಲಾಗಿ, ಮುಖಕ್ಕೆ ಮುಖ ಕೊಟ್ಟು ನಿಲ್ಲಿಸುತ್ತಾರೆ. ಈ ಸಾಲಿನ ಕತ್ತು ಆ ಸಾಲಿನ ಕತ್ತುಗಳ ನಡುವೆ ಬರುತ್ತದೆ, ನಾವು ಎರಡು ಕೈಯ ಬೆರಳುಗಳನ್ನು ಹೆಣೆದ ಹಾಗೆ. ಹಗ್ಗ ಅದರ ನಡುವೆ ಸುತ್ತಿಕೊಂಡು ಹೋಗುತ್ತದೆ. ಐವತ್ತು ಅರವತ್ತು ಮೇಕೆ ಒಂದೇ ಜಡೆಯಾಗಿ ನಿಲ್ಲುತ್ತವೆ. ತಲೆಗಳೆಲ್ಲ ಒಳಗೆ, ಕೆಚ್ಚಲುಗಳೆಲ್ಲ ಹೊರಗೆ. ಇಬ್ಬರು ಹೆಂಗಸರು ಚಿಕ್ಕ ಪಾತ್ರೆ ಹಿಡಿದು, ಹಿಂದಿನಿಂದ ಕುಕ್ಕರಗಾಲಲ್ಲಿ ಕೂತು, ಸರಸರನೆ ಕರೆಯುತ್ತಾ ಸಾಗುತ್ತಾರೆ. ಒಂದೊಂದು ಮೇಕೆಗೆ ಸಿಗುವುದು ಒಂದೆರಡು ಹಿಡಿ ಹಾಲು. ಎಲ್ಲ ಮುಗಿದ ಮೇಲೆ ಹಗ್ಗದ ತುದಿ ಹಿಡಿದು ಜೋರಾಗಿ ಎಳೆದರು ನೋಡಿ, ಇಡೀ ಜಡೆ ಒಂದೇ ಏಟಿಗೆ ಬಿಚ್ಚಿಕೊಂಡಿತು! ನಾನು ಆ ಗಂಟನ್ನು ಕಲಿಯೋಕೆ ಮೂರು ಸಲ ಪ್ರಯತ್ನಪಟ್ಟೆ. ಮೂರೂ ಸಲ ಮೇಕೆಗಳು ನಡುವೆಯೇ ಎದ್ದು ಹೋದವು.

ಆಮೇಲೆ ಮಂದೆ ಮೇವಿಗೆ ಹೊರಡುತ್ತದೆ. ಗಂಡಸು, ಹೆಂಗಸು, ಯಾರಿಗೆ ಬಿಡುವೋ ಅವರು ಜೊತೆ ಹೋಗುತ್ತಾರೆ. ಕೈಯಲ್ಲಿ ಉಣ್ಣೆಯಿಂದ ಹೆಣೆದ ಕವಣೆ ಇರುತ್ತದೆ, ಅದಕ್ಕೆ ‘ಉರ್ಡೊ’ ಅನ್ನುತ್ತಾರೆ. ದಾರಿ ತಪ್ಪಿದ ಮೇಕೆಗೆ ಕಲ್ಲು ಹೊಡೆಯುವುದಿಲ್ಲ. ಅದರ ಮುಂದೆ, ಸರಿಯಾಗಿ ಒಂದು ಮಾರು ಆಚೆ ಬೀಳುವ ಹಾಗೆ ಬೀಸುತ್ತಾರೆ. ಸದ್ದಿಗೆ ಮೇಕೆ ತಿರುಗುತ್ತದೆ. ಇನ್ನೊಂದು ಕೈಯಲ್ಲಿ ಕದಿರು. ನಡೆಯುತ್ತಲೇ ನೂಲುತ್ತಾರೆ. ಸುಮ್ನೆ ಕೂತ ಕೈಗಳನ್ನು ನಾನು ಅಲ್ಲಿ ನೋಡಿದ್ದು ಕಮ್ಮಿ.

ಡೇರೆಯಲ್ಲಿ ಉಳಿದವರಿಗೆ ಮೊಸರು ಕಡೆಯುವುದು, ಬೆಣ್ಣೆ ತೆಗೆಯುವುದು, ಮಜ್ಜಿಗೆ ಕಾಯಿಸಿ ಗಿಣ್ಣು ಒಣಗಿಸುವುದು, ನೀರು ತರುವುದು, ಕುರುಳು ಆರಿಸುವುದು. ಸಂಜೆ ಮಂದೆ ಬಂದ ಮೇಲೆ ಮತ್ತೆ ಅದೇ ಹಗ್ಗ, ಅದೇ ಜಡೆ. ಕತ್ತಲಾದ ಮೇಲೆ ಕಲ್ಲಿನ ರೊಪ್ಪದೊಳಗೆ ತುಂಬಿ ಎಣಿಸುತ್ತಾರೆ. ಒಂದು ಕಮ್ಮಿ ಬಂದರೆ ಟಾರ್ಚ್ ಹಿಡಿದು ಹೊರಡುವುದೇ.

ಇದು ಬೇಸಿಗೆಯ ಮಾತು. ಮರಿ ಹಾಕುವ ಕಾಲ ಫೆಬ್ರವರಿಯಿಂದ ಶುರು, ಅಂದರೆ ಇನ್ನೂ ಗಡಗಡ ನಡುಗುವ ಚಳಿ. ಆಗ ತಾನೇ ಹುಟ್ಟಿದ ಒದ್ದೆ ಮರಿಯನ್ನು ಕೋಟಿನೊಳಗೆ ಎದೆಗೆ ಅವುಚಿಕೊಂಡು ಡೇರೆಗೆ ತರುತ್ತಾರೆ. ಒಂದು ಗಂಟೆ ತಡವಾದರೆ ಮರಿ ಕಲ್ಲಾಗುತ್ತದೆ.

ಏನು ತಿಂತಾರೆ? ಅನ್ನ ಸಿಗುತ್ತಾ?

ಈಗ ರೇಷನ್ ಅಕ್ಕಿ ಇದೆ. ಆದರೆ ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಯುವುದಿಲ್ಲ. ಹಾಗಾಗಿ ಪ್ರತಿ ಡೇರೆಯಲ್ಲೂ ಪ್ರೆಷರ್ ಕುಕ್ಕರ್.

ಕುಕ್ಕರ್ ಬರುವ ಮೊದಲು? ಹುರಿಹಿಟ್ಟು! ಜವೆಗೋಧಿಯನ್ನು ಮೊದಲೇ ಹುರಿದು ಬೀಸಿಟ್ಟ ಹಿಟ್ಟು, ಹೊರಗಿನವರಿಗೆ ‘ತ್ಸಂಪಾ’ ಅಂತ ಗೊತ್ತಿರುವುದು ಅದೇ. ಒಮ್ಮೆ ಹುರಿದರೆ ಮತ್ತೆ ಬೇಯಿಸುವ ಗೋಜಿಲ್ಲ, ಕೆಡುವುದಿಲ್ಲ, ಹೊರಲು ಹಗುರ. ಬಟ್ಟಲಿನ ತಳದಲ್ಲಿ ಉಳಿದ ಬೆಣ್ಣೆ ಚಹಾಕ್ಕೆ ಹಿಟ್ಟು ಸುರಿದು, ಬೆರಳಲ್ಲಿ ಕಲಸಿ, ಉಂಡೆ ಮಾಡಿ ಬಾಯಿಗೆ. ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಹೊಸದೇನೂ ಅನ್ನಿಸುವುದಿಲ್ಲ.

ಚಹಾ ಮಾತ್ರ ಹೊಸದು ಅನ್ನಿಸುತ್ತದೆ. ಹಸಿರು ಚಹಾ ಎಲೆ, ಒಂಚೂರು ಸೋಡಾ, ಉಪ್ಪು, ಬೆಣ್ಣೆ. ಉದ್ದನೆಯ ಮರದ ಕೊಳವೆಯಲ್ಲಿ ಹಾಕಿ ಮೇಲಕ್ಕೂ ಕೆಳಕ್ಕೂ ಕಡೆಯುತ್ತಾರೆ. ಆ ಸದ್ದಿನಿಂದಲೇ ಅದಕ್ಕೆ ‘ಗುರ್‌ಗುರ್ ಚಾ’ ಅಂತ ಹೆಸರು. ಸಿಹಿ ಚಹಾ ಅಂದುಕೊಂಡು ಕುಡಿದರೆ ಮುಖ ಕಿವಿಚುತ್ತೀರಿ. ತೆಳು ಸಾರು ಅಂದುಕೊಂಡು ಕುಡಿಯಿರಿ, ಆರಾಮಾಗಿ ಇಳಿಯುತ್ತದೆ. ಬಟ್ಟಲು ಖಾಲಿಯಾಗಲು ಬಿಡುವುದಿಲ್ಲ, ಗುಟುಕಿಗೊಮ್ಮೆ ತುಂಬಿಸುತ್ತಾರೆ. ಸಾಕು ಅನ್ನಿಸಿದರೆ ಬಟ್ಟಲು ತುಂಬಿದ್ದಾಗಲೇ ಹಾಗೇ ಬಿಟ್ಟುಬಿಡಿ. ಹೊರಡುವಾಗ ಗಟಗಟ ಕುಡಿದು ಏಳಿ.

ಒಣ ಗಿಣ್ಣಿಗೆ ‘ಛುರ್ಪೆ’ ಅಂತ ಹೆಸರು. ಕಲ್ಲು. ಕಡಿಯಬೇಡಿ, ದವಡೆಯಲ್ಲಿಟ್ಟುಕೊಂಡು ಮರೆತುಬಿಡಿ.

ಬೌದ್ಧರಲ್ವಾ? ಮಾಂಸ ತಿಂತಾರಾ?

ತಿನ್ನುತ್ತಾರೆ. ತರಕಾರಿ ಬೆಳೆಯದ ಜಾಗದಲ್ಲಿ ಬೇರೆ ದಾರಿ ಏನಿದೆ? ಚಳಿಗಾಲ ಶುರುವಾಗುವಾಗ, ಪ್ರಾಣಿಗಳು ಮೇದು ದಪ್ಪಗಿರುವಾಗ ಕೆಲವನ್ನು ಕಡಿಯುತ್ತಾರೆ. ಹೊರಗಿನ ಚಳಿಯೇ ಫ್ರಿಜ್ಜು. ಆದರೆ ಕೊಲ್ಲುವುದು ಪಾಪ ಅನ್ನುವ ಅಳುಕು ಇದ್ದೇ ಇದೆ. ಮಂತ್ರ ಹೇಳಿಕೊಳ್ಳುತ್ತಾರೆ.

ಮಂದೆಯಲ್ಲಿ ಕೆಲವು ಮೇಕೆ, ಯಾಕ್‌ಗಳ ಕಿವಿಗೆ ಅಥವಾ ಬೆನ್ನಿನ ಕೂದಲಿಗೆ ಬಣ್ಣದ ದಾರ ಕಟ್ಟಿರುವುದು ಕಾಣುತ್ತದೆ. ಅವು ‘ತ್ಸೆತರ್’, ದೇವರ ಹೆಸರಲ್ಲಿ ಪ್ರಾಣ ಉಳಿಸಿಕೊಂಡವು. ಅವನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಮುದಿಯಾಗಿ ತಾವೇ ಸಾಯಬೇಕು. ದೇವರಿಗೆ ಬಿಟ್ಟ ಗೂಳಿ ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಡೇರೆ ಯಾವುದರಿಂದ ಮಾಡಿರ್ತಾರೆ?

ಹಳೆಯ ಡೇರೆ ‘ರೆಬೊ’. ಯಾಕ್ ಕೂದಲನ್ನು ನೂತು, ಪಟ್ಟಿಪಟ್ಟಿಯಾಗಿ ನೇಯ್ದು, ಜೋಡಿಸಿ ಹೊಲಿದದ್ದು. ಬಣ್ಣ ಕಪ್ಪು. ಒಳಗಿನಿಂದ ನೋಡಿದರೆ ನೇಯ್ಗೆಯ ಸಂದುಗಳಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕಿ ಕಾಣುತ್ತದೆ. ಮಳೆ ಬಂದರೆ ಸೋರಲ್ವಾ ಅಂತ ಕೇಳಿದೆ. ಕೂದಲು ನೆನೆದು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವಂತೆ. ಮಾಡಿನ ನಡುವೆ ಉದ್ದಕ್ಕೆ ಒಂದು ಬಿರುಕು ಬಿಟ್ಟಿರುತ್ತಾರೆ, ಹೊಗೆ ಅಲ್ಲಿಂದ ಹೋಗುತ್ತದೆ. ನೆಲವನ್ನು ಒಂದೆರಡು ಅಡಿ ತೋಡಿ, ಸುತ್ತ ಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ಡೇರೆ ಎತ್ತುತ್ತಾರೆ. ನಡುವೆ ಒಲೆ, ಬಾಗಿಲಿಗೆ ಎದುರಾಗಿ ಒಳಗಡೆ ದೇವರು.

ನೇಯ್ಗೆಯಲ್ಲೂ ಪಾಲು ಇದೆ. ಡೇರೆಯ ಪಟ್ಟಿ, ಒರಟು ಹಾಸುಗಳನ್ನು ನೇಯುವುದು ಗಂಡಸರು. ಮಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಬಟ್ಟೆ, ಚೀಲ ನೇಯುವುದು ಹೆಂಗಸರು.

ರೆಬೊ ಈಗ ಕಮ್ಮಿಯಾಗಿದೆ. ಬಿಳಿ ಕ್ಯಾನ್ವಾಸ್ ಡೇರೆಗಳೇ ಜಾಸ್ತಿ. ಹಗುರ, ಬೇಗ ಸಿಗುತ್ತದೆ. ಪಕ್ಕದಲ್ಲಿ ಒಂದು ಸೋಲಾರ್ ಫಲಕ, ಆಚೆ ಒಂದು ಪಿಕಪ್ ಗಾಡಿ. ಹಳೆಯದೇ ಚೆನ್ನಾಗಿತ್ತು ಅಂತ ಫೋಟೋ ತೆಗೆಯುವವರು ಹೇಳುತ್ತಾರೆ. ಯಾಕ್ ಮೇಲೆ ಮನೆ ಹೇರಿ ಇಳಿಸಿದವರು ಹೇಳಿದ್ದನ್ನು ನಾನು ಕೇಳಿಲ್ಲ.

ವರ್ಷಕ್ಕೆ ಎಷ್ಟು ಸಲ ಜಾಗ ಬದಲಿಸ್ತಾರೆ? ಯಾರು ತೀರ್ಮಾನ ಮಾಡ್ತಾರೆ?

ಗುಂಪಿನಿಂದ ಗುಂಪಿಗೆ ಬೇರೆ. ಎಂಟು ಹತ್ತು ಸಲ ಅಂತ ಇಟ್ಟುಕೊಳ್ಳಿ. ಮನಸ್ಸು ಬಂದ ಕಡೆ ಹೋಗುತ್ತಾರೆ ಅಂದುಕೊಂಡರೆ ಪೂರ್ತಿ ತಪ್ಪು. ಯಾವ ಹುಲ್ಲುಗಾವಲಿಗೆ ಯಾವಾಗ ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ಊರಿನ ಮುಖ್ಯಸ್ಥನಿಗೆ ‘ಗೋಬಾ’ ಅನ್ನುತ್ತಾರೆ. ಕುಟುಂಬಗಳ ನಡುವೆ ಸರದಿ ಪ್ರಕಾರ ಬರುವ ಕೆಲಸ ಅದು. ಗೋಬಾ ಹೇಳುವ ಮೊದಲೇ ಒಬ್ಬ ತನ್ನ ಮಂದೆ ಎಬ್ಬಿಸಿಕೊಂಡು ಒಳ್ಳೆ ಹುಲ್ಲಿಗೆ ನುಗ್ಗಿದರೆ ದಂಡ ಕಟ್ಟಬೇಕು. ಚಳಿಗಾಲದ ಹುಲ್ಲನ್ನಂತೂ ಬೇಸಿಗೆಯಲ್ಲಿ ಮುಟ್ಟುವಂತಿಲ್ಲ. ಅದು ಬ್ಯಾಂಕಿನಲ್ಲಿಟ್ಟ ದುಡ್ಡು.

ಚಳಿಗಾಲಕ್ಕೆ ಕೆಳಗಿಳಿಯುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಅವರು ನೋಡುವುದು ಎತ್ತರವನ್ನಲ್ಲ, ಎಲ್ಲಿ ಹಿಮ ಕಮ್ಮಿ ಬಿದ್ದು ಹುಲ್ಲು ಕಾಣುತ್ತದೆ, ಎಲ್ಲಿ ಗಾಳಿಗೆ ಮರೆ ಇದೆ ಅನ್ನುವುದನ್ನು. ಹಿಮ ದಪ್ಪಗೆ ಬಿದ್ದು ಗಟ್ಟಿಯಾದರೆ ಮೇಕೆಗೆ ಕೆದಕಲು ಆಗುವುದಿಲ್ಲ. 2013ರ ಆರಂಭದಲ್ಲಿ ಹಾಗೆ ಹಿಮ ಬಿದ್ದಾಗ ಸಾವಿರಾರು ಮೇಕೆಗಳು ಹಸಿವಿನಿಂದ ಸತ್ತವು.

ಪಶ್ಮಿನಾ ಇವರದ್ದೇನಾ? ಕಾಶ್ಮೀರದ್ದಲ್ವಾ?

ನೂಲುವುದು, ನೇಯುವುದು ಕಾಶ್ಮೀರದ ಕೈಗಳು. ಎಳೆ ಬರುವುದು ಈ ಮೇಕೆಯ ಮೈಯಿಂದ. ಮೇಲಿನ ಒರಟು ಕೂದಲಿನ ಕೆಳಗೆ ಚಳಿಗಾಲದಲ್ಲಿ ಒಂದು ಒಳ ಉಣ್ಣೆ ಬೆಳೆಯುತ್ತದೆ. ಒಂದು ಎಳೆಯ ದಪ್ಪ 12ರಿಂದ 15 ಮೈಕ್ರಾನ್. ನಮ್ಮ ತಲೆಕೂದಲು ಅದರ ನಾಲ್ಕೈದು ಪಟ್ಟು ದಪ್ಪ. ಬಿಸಿಲು ಏರುತ್ತಿದ್ದಂತೆ ಅದು ತಾನಾಗಿಯೇ ಉದುರಲು ಶುರುವಾಗುತ್ತದೆ. ಜೂನ್-ಜುಲೈ ಹೊತ್ತಿಗೆ ಮೇಕೆಯ ಕಾಲು ಕಟ್ಟಿ ಮಲಗಿಸಿ, ತುದಿ ಬಾಗಿದ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ತೆಗೆಯುತ್ತಾರೆ. ನಾನು ನೋಡಿದ ಮೇಕೆಗೆ ಅರ್ಧ ಗಂಟೆ ಹಿಡಿಯಿತು. ಕತ್ತಿನಿಂದ ಶುರು ಮಾಡಿ ಹೊಟ್ಟೆಯ ಕಡೆಗೆ, ಪ್ರತಿ ಎಳೆತಕ್ಕೂ ಬಾಚಣಿಗೆಯಲ್ಲಿ ಒಂದು ಮೋಡದ ತುಂಡು.

ಒಂದು ಮೇಕೆಗೆ ಸಿಗುವುದು ಸುಮಾರು 250 ಗ್ರಾಂ. ಅದರಲ್ಲಿ ಒರಟು ಕೂದಲು, ಹೊಟ್ಟು, ಮಣ್ಣು ತೆಗೆದರೆ ಉಳಿಯುವುದು ಮೂರನೇ ಒಂದು ಪಾಲು. ಮನೆಯಲ್ಲಿ ಒಂದು ಸಾವಿರ ರೂಪಾಯಿಯ ‘ಅಸಲಿ ಪಶ್ಮಿನಾ’ ಶಾಲು ಇದ್ದರೆ ಈ ಲೆಕ್ಕ ಹಾಕಿ ನೋಡಿ.

ಈ ಉಣ್ಣೆಗೆ ರಾಜರು ಒಪ್ಪಂದ ಮಾಡಿಕೊಂಡಿದ್ದಾರೆ. ಲಡಾಖ್ ಮತ್ತು ಟಿಬೆಟ್ ನಡುವಿನ 1684ರ ತಿಂಗ್ಮೊಸ್‌ಗಾಂಗ್ ಒಪ್ಪಂದದಲ್ಲಿ ಪಶ್ಚಿಮ ಟಿಬೆಟ್‌ನ ಪಶ್ಮಿನಾ ಲಡಾಖ್ ಮೂಲಕ ಕಾಶ್ಮೀರಕ್ಕೇ ಹೋಗಬೇಕು ಅಂತ ಬರೆಯಲಾಯಿತು. 2023ರಲ್ಲಿ ‘ಲಡಾಖ್ ಪಶ್ಮಿನಾ’ಗೆ ಜಿಐ, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಾಶ್ಮೀರ ಪಶ್ಮಿನಾಕ್ಕೆ ಅದು ಎಷ್ಟೋ ಮೊದಲೇ ಸಿಕ್ಕಿತ್ತು. ಮೇಕೆ ಸಾಕಿದವರ ಹೆಸರು ಯಾವಾಗಲೂ ಕೊನೆಗೇ ಬರುತ್ತದೆ, ನೋಡಿ.

ಶಾತೂಷ್ ಅಂದ್ರೂ ಇದೇನಾ?

ಅಲ್ಲ. ಅದು ಚಿರು ಅನ್ನುವ ಕಾಡುಪ್ರಾಣಿಯದ್ದು. ಕೊಲ್ಲದೆ ಆ ಉಣ್ಣೆ ಸಿಗುವುದಿಲ್ಲ. ಮಾರುವುದು, ಕೊಳ್ಳುವುದು ಎರಡೂ ಅಪರಾಧ.

ತೋಳ, ಹಿಮಚಿರತೆ ಕಾಟ ಇಲ್ವಾ?

ಇದೆ. ಹಿಮಚಿರತೆ ರೊಪ್ಪದೊಳಗೆ ಜಿಗಿದರೆ ಒಂದನ್ನು ಹೊತ್ತೊಯ್ದು ಸುಮ್ಮನಾಗುವುದಿಲ್ಲ, ಗಾಬರಿಯಲ್ಲಿ ಓಡಾಡುವ ಎಲ್ಲವನ್ನೂ ಕೆಡವಬಹುದು. ಅದಕ್ಕೇ ಈಗ ಕೆಲವು ಕಡೆ ರೊಪ್ಪದ ಮೇಲೆ ತಂತಿ ಜಾಲರಿ ಹೊದಿಸುತ್ತಾರೆ.

ತೋಳಕ್ಕೆ ಹಳೆಯ ಉಪಾಯ ‘ಶಾಂಗ್‌ಡಾಂಗ್’. ಕಲ್ಲು ಕಟ್ಟಿದ ಹೊಂಡ. ಬಾಯಿ ಕಿರಿದು, ಒಳಗೆ ಅಗಲ, ನಮ್ಮ ಹಗೇವಿನ ಹಾಗೆ. ಒಳಗೆ ಒಂದು ಬಡಪಾಯಿ ಪ್ರಾಣಿಯನ್ನು ಬಿಡುತ್ತಿದ್ದರು. ಆಸೆಗೆ ಇಳಿದ ತೋಳ ಮೇಲೆ ಹತ್ತಲಾಗದೆ ಸಿಕ್ಕಿಬೀಳುತ್ತಿತ್ತು. ಊರವರು ಕಲ್ಲು ಹೊಡೆದು ಕೊಲ್ಲುತ್ತಿದ್ದರು. 2021ರ ಸುಮಾರಿಗೆ ಚುಶುಲ್‌ನವರು ತಮ್ಮ ಹೊಂಡಗಳನ್ನು ಕೆಡವಲಿಲ್ಲ. ಗೋಡೆಯ ಒಂದು ಕಡೆ ಕಲ್ಲು ತೆಗೆದು, ಬಿದ್ದ ತೋಳ ನಡೆದು ಹೊರಗೆ ಹೋಗುವ ಹಾಗೆ ದಾರಿ ಮಾಡಿದರು. ಪಕ್ಕದಲ್ಲಿ ಒಂದು ಸ್ತೂಪ ಕಟ್ಟಿದರು. ತಾತ ಕಟ್ಟಿದ್ದು ಉಳಿಯಿತು, ತೋಳವೂ ಉಳಿಯಿತು.

ಇವರೆಲ್ಲ ಈ ಕಸುಬು ಬಿಟ್ಟು ಲೇಹ್‌ಗೆ ಹೋಗ್ತಿದ್ದಾರಂತೆ, ನಿಜವಾ? ಚಳಿ ತಡೆಯೋಕಾಗ್ದೇ?

ಹೋಗುತ್ತಿರುವುದು ನಿಜ. ಖರ್ನಕ್ ಗುಂಪಿನ ಬಹುಪಾಲು ಮನೆಗಳು ಲೇಹ್ ಪಕ್ಕದ ಚೋಗ್ಲಮ್ಸರ್ ಬಳಿ ನೆಲೆಸಿವೆ. ಆ ಬಡಾವಣೆಗೆ ‘ಖರ್ನಕ್‌ಲಿಂಗ್’ ಅಂತಲೇ ಹೆಸರು.

ಚಳಿ ಕಾರಣ ಅಂತ ನನಗನ್ನಿಸುವುದಿಲ್ಲ. ಚಳಿ ಅವರ ಅಜ್ಜಂದಿರಿಗೂ ಇತ್ತು. ಮೇಲೆ ಬರೆದ ದಿನಚರಿಯನ್ನು ಇನ್ನೊಮ್ಮೆ ಓದಿ, ಎಷ್ಟು ಕೈ ಬೇಕು ಅಂತ ಎಣಿಸಿ. ಕರೆಯಲು ಇಬ್ಬರು, ಮೇಯಿಸಲು ಒಬ್ಬರು, ಯಾಕ್ ಹುಡುಕಲು ಇನ್ನೊಬ್ಬರು, ಮರಿ ನೋಡಿಕೊಳ್ಳಲು ಮಕ್ಕಳು. ಈಗ ಮಕ್ಕಳು ಹಾಸ್ಟೆಲ್ ಇರುವ ಶಾಲೆಗೆ ಹೋಗುತ್ತಾರೆ. ಪೂಗಾದಲ್ಲಿ ಅಲೆಮಾರಿ ಮಕ್ಕಳಿಗೆಂದೇ ಸರ್ಕಾರಿ ವಸತಿ ಶಾಲೆ ಇದೆ. ಕೆಲವರು ಲೇಹ್‌ಗೇ ಕಳಿಸುತ್ತಾರೆ. ಓದಿದ ಮಗ ಸೇನೆಗೋ ಟ್ಯಾಕ್ಸಿ ಓಡಿಸಲೋ ಹೋಗುತ್ತಾನೆ. ಡೇರೆಯಲ್ಲಿ ಉಳಿಯುವುದು ಅಪ್ಪ ಅಮ್ಮ ಮಾತ್ರ. ಇಬ್ಬರಿಂದ ಮುನ್ನೂರು ಮೇಕೆ ನೋಡಿಕೊಳ್ಳಲು ಆಗುತ್ತಾ? ಒಬ್ಬರಿಗೆ ಮಂಡಿ ನೋವು ಬಂದರೆ ಮಂದೆ ಮಾರುವುದೇ.

ಒಂದು ಮನೆ ಹೋದರೆ ಉಳಿದವರಿಗೂ ಕಷ್ಟ. ಸರದಿಯಲ್ಲಿ ಮಂದೆ ಕಾಯಲು ಒಬ್ಬರು ಕಮ್ಮಿ, ಗೋಬಾ ಕೆಲಸಕ್ಕೆ ಒಬ್ಬರು ಕಮ್ಮಿ.

ಹಿಂದೆ ಅಣ್ಣ ತಮ್ಮಂದಿರು ಸೇರಿ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಇತ್ತು. ಮಂದೆ ಹಂಚಿಹೋಗುತ್ತಿರಲಿಲ್ಲ, ಒಂದು ಮನೆಗೆ ಮೂರು ನಾಲ್ಕು ಗಂಡು ಕೈ ಉಳಿಯುತ್ತಿದ್ದವು. 1941ರಲ್ಲಿ ಅದನ್ನು ಕಾನೂನು ನಿಷೇಧಿಸಿತು, ನಿಧಾನವಾಗಿ ನಿಂತೂ ಹೋಯಿತು.

ಗಡಿ ಗಲಾಟೆಯಿಂದ ತೊಂದರೆ ಆಗಿದೆಯಾ?

ತುಂಬಾ. 1962ರ ಯುದ್ಧದ ನಂತರ ಚಳಿಗಾಲದ ಕೆಲವು ಒಳ್ಳೆ ಹುಲ್ಲುಗಾವಲುಗಳು ಕೈತಪ್ಪಿದವು. ಅದೇ ಕಾಲದಲ್ಲಿ ಟಿಬೆಟ್‌ನಿಂದ ನಿರಾಶ್ರಿತ ಪಶುಪಾಲಕರು ತಮ್ಮ ಮಂದೆಗಳ ಜೊತೆ ಬಂದರು. ಹುಲ್ಲು ಕಮ್ಮಿ, ಬಾಯಿ ಜಾಸ್ತಿ. ಟಿಬೆಟ್ ಕಡೆಯಿಂದ ಕುರಿಗಳ ಬೆನ್ನ ಮೇಲೆ ಉಪ್ಪು ತಂದು, ಝನ್ಸ್ಕಾರ್ ಕಡೆಯವರಿಗೆ ಕೊಟ್ಟು ಜವೆಗೋಧಿ ತರುವ ಹಳೆಯ ವ್ಯಾಪಾರವೂ ನಿಂತಿತು. 2020ರ ಗಡಿ ಘರ್ಷಣೆಯ ನಂತರ ಚುಶುಲ್, ಡೆಮ್ಚೋಕ್ ಕಡೆಯ ಕೆಲವು ಜಾಗಗಳಿಗೆ ಮಂದೆ ಹೊಡೆಯುವುದು ಇನ್ನೂ ಕಷ್ಟವಾಯಿತು. 2024ರ ಜನವರಿಯಲ್ಲಿ ಕುರಿಗಾಹಿಗಳು ಚೀನಾ ಸೈನಿಕರ ಎದುರು ನಿಂತು, ಇದು ನಮ್ಮ ಮೇವಿನ ಜಾಗ ಅಂತ ವಾದಿಸುವ ವಿಡಿಯೋವನ್ನು ನೀವೂ ನೋಡಿರಬಹುದು.

ಕರ್ನಾಟಕಕ್ಕೂ ಅವರಿಗೂ ಏನಾದ್ರೂ ನಂಟು ಇದೆಯಾ?

ನಾನು ನಿರೀಕ್ಷಿಸಿದ್ದಕ್ಕಿಂತ ಜಾಸ್ತಿಯೇ ಇದೆ. ಹಾನ್ಲೆಯ ಗುಡ್ಡದ ಮೇಲೆ ಒಂದು ದೊಡ್ಡ ದೂರದರ್ಶಕ ಇದೆ. ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದು. ಕೆಳಗೆ ಯಾಕ್ ಮೇಯುತ್ತಿರುತ್ತವೆ, ಮೇಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ! 2022ರಲ್ಲಿ ಹಾನ್ಲೆ ಸುತ್ತಮುತ್ತಲನ್ನು ‘ಕತ್ತಲ ಆಕಾಶ’ ರಕ್ಷಿತ ಪ್ರದೇಶ ಅಂತ ಗುರುತಿಸಿದರು. ಊರಿನ ಯುವಕ ಯುವತಿಯರು ಈಗ ಬಂದವರಿಗೆ ಟೆಲಿಸ್ಕೋಪಿನಲ್ಲಿ ಶನಿಯ ಬಳೆ ತೋರಿಸುತ್ತಾರೆ.

ಚುಶುಲ್‌ನ ತೋಳದ ಹೊಂಡದ ಕೆಲಸದಲ್ಲಿ ಊರವರ ಜೊತೆ ನಿಂತದ್ದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಇನ್ನು ಬೈಲಕುಪ್ಪೆ, ಮುಂಡಗೋಡದ ಮಠಗಳಲ್ಲಿ ಓದುವ ಲಡಾಖಿ ಹುಡುಗರು ಎಷ್ಟೋ ಜನ. ಕೋರ್ಜೋಕ್‌ನಲ್ಲಿ ಒಬ್ಬ ಭಿಕ್ಷು ನನ್ನನ್ನು ನೋಡಿ, “ಚೆನ್ನಾಗಿದ್ದೀರಾ? ಊಟ ಆಯ್ತಾ?” ಅಂದ. ಮುಂಡಗೋಡದಲ್ಲಿ ಆರು ವರ್ಷ ಇದ್ದನಂತೆ. ಅಲ್ಲಿನ ಸೆಕೆ ನೆನೆಸಿಕೊಂಡರೆ ಈಗಲೂ ತಲೆ ತಿರುಗುತ್ತದೆ ಅಂದ.

ಹೋಗಿ ನೋಡಬಹುದಾ?

ಹೋಗಬಹುದು, ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆ ಕಾಲ. ಗಡಿ ಪ್ರದೇಶ ಆದ್ದರಿಂದ ಪರವಾನಗಿ ನಿಯಮಗಳನ್ನು ಲೇಹ್‌ನಲ್ಲೇ ವಿಚಾರಿಸಿ. ಲೇಹ್ ಸುಮಾರು 3,500 ಮೀಟರ್. ಅಲ್ಲಿ ಕಡೇ ಪಕ್ಷ ಎರಡು ಮೂರು ದಿನ ಸುಮ್ಮನೆ ಇದ್ದು ಮೈ ಒಗ್ಗಿಸಿಕೊಂಡು ಆಮೇಲೆ ಮೇಲೆ ಹೋಗಿ. ನಾನು ಒಂದೇ ದಿನಕ್ಕೆ ಹೊರಟು, ರಾತ್ರಿಯಿಡೀ ತಲೆನೋವು ವಾಂತಿಯಲ್ಲಿ ಒದ್ದಾಡಿದೆ. ಬೆಳಗ್ಗೆ ಕೆಳಗಿಳಿಯಬೇಕಾಯಿತು.

ಡೇರೆಗೆ ಹೋಗುವ ಮುಂಚೆ ದೂರದಲ್ಲೇ ನಿಂತು “ಜುಲೇ” (ಅಲ್ಲಿನ ನಮಸ್ಕಾರ) ಅಂತ ಕೂಗಿ. ನಾಯಿಗಳು ದೊಡ್ಡವು, ನಮ್ಮ ಬೀದಿನಾಯಿಯ ಹಾಗೆ ಗದರಿದರೆ ಹೋಗುವುದಿಲ್ಲ. ಯಾರಾದರೂ ಬಂದು ಹಿಡಿದುಕೊಳ್ಳುವ ತನಕ ಕಾಯಿರಿ. ಕೇಳದೆ ಫೋಟೋ ಬೇಡ. ಕೈಲಿ ಏನಾದರೂ ಒಯ್ಯಬೇಕು ಅನ್ನಿಸಿದರೆ ಚಾಕೊಲೇಟ್ ಬೇಡ, ಒಂದೆರಡು ಕಿಲೋ ತಾಜಾ ತರಕಾರಿ ಒಯ್ಯಿರಿ. ನಾನು ಲೇಹ್ ಮಾರುಕಟ್ಟೆಯಿಂದ ಒಯ್ದ ಟೊಮೇಟೊ ಅರ್ಧ ಜಜ್ಜಿಹೋಗಿತ್ತು. ಆ ಮನೆಯಾಕೆ ಅದನ್ನು ಒಂದೊಂದಾಗಿ ತೆಗೆದು, ಒರೆಸಿ, ದೇವರ ಪಕ್ಕದ ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟರು.